ಮೂಸಾ ದಾಗ್ ಬೆಟ್ಟದ ಮೇಲೆ

ಊರು ಖಾಲಿ ಮಾಡಲು ಎಂಟು ದಿನದ ಗಡುವು. 1915ರ ಜುಲೈ ತಿಂಗಳು. ಮೆಡಿಟರೇನಿಯನ್ ಕಡಲಂಚಿನ ಮೂಸಾ ದಾಗ್ ಬೆಟ್ಟದ ಬುಡದಲ್ಲಿದ್ದ ಆರು ಅರ್ಮೇನಿಯನ್ ಹಳ್ಳಿಗಳಿಗೆ ಆಟೋಮನ್ ಸರ್ಕಾರದ ಆಜ್ಞೆ ಬಂತು. ರೇಷ್ಮೆ ಹುಳು ಸಾಕಿಕೊಂಡು, ಮರದ ಬಾಚಣಿಗೆ ಕೆತ್ತಿಕೊಂಡು ಬದುಕಿದ್ದ ಜನ. ಗಡೀಪಾರು ಎಂದರೆ ಏನೆಂಬುದು ಅವರಿಗೆ ಗೊತ್ತಿತ್ತು. ಡಿಕ್ರಾನ್ ಆಂಡ್ರಿಯಾಸಿಯನ್ ಎಂಬ ಪಾದ್ರಿ ಆಗಷ್ಟೇ ಜೈತೂನ್ ಕಡೆಯಿಂದ ಮರಳಿದ್ದರು. ಅಲ್ಲಿನವರನ್ನು ಹೊರದಬ್ಬಿದ್ದನ್ನು ಕಣ್ಣಾರೆ ಕಂಡವರು. ಮುಂದೆ ಈ ಕಥೆಯನ್ನು ಬರೆದಿಟ್ಟವರೂ ಅವರೇ.

ಬೆಟ್ಟ ಹತ್ತಿ ಕಾದಾಡುವುದು ಹುಚ್ಚುತನ ಎಂದರು ಇನ್ನೊಬ್ಬ ಪಾದ್ರಿ. ಅವರ ಹಿಂದೆ 60 ಕುಟುಂಬಗಳು ಗಡೀಪಾರಿಗೆ ತಲೆಬಾಗಿ ಹೊರಟುಹೋದವು. ಅವರನ್ನು ಹೇಡಿಗಳು ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಕೈಕೂಸು, ಮುದುಕರನ್ನು ಕಟ್ಟಿಕೊಂಡವರಿಗೆ ಯಾವ ದಾರಿ ಸರಿಯೆಂದು ಹೇಗೆ ತಿಳಿಯಬೇಕು?

ಉಳಿದವರು ಕುರಿ ಮೇಕೆ ಹೊಡೆದುಕೊಂಡು ಮೇಲೆ ಹತ್ತಿದರು. ಹೊಸ ಬಂದೂಕುಗಳು 120ರ ಆಸುಪಾಸು, ಮಿಕ್ಕಿದ್ದೆಲ್ಲ ಅಜ್ಜನ ಕಾಲದ ಚಕಮಕಿ ಕೋವಿ. ಮೊದಲ ರಾತ್ರಿಯೇ ಜಡಿಮಳೆ. ಗುಡಾರವಿಲ್ಲ, ಗುಡಿಸಲಿಲ್ಲ. ಹೊತ್ತು ತಂದ ರೊಟ್ಟಿ ನೆನೆದು ಹಿಟ್ಟಿನ ಮುದ್ದೆಯಾಯಿತು. ಮಕ್ಕಳು ಮರಿ ತೊಯ್ದು ತೊಪ್ಪೆಯಾದರೂ ಕೋವಿಮದ್ದನ್ನು ಮಾತ್ರ ಒದ್ದೆಯಾಗಲು ಬಿಡಲಿಲ್ಲ.

ಸೈನ್ಯ ಏರಿಬಂದಾಗಲೆಲ್ಲ ಹಿಮ್ಮೆಟ್ಟಿಸಿದರು. ಕೊನೆಗೆ ಅದು ಬೆಟ್ಟವನ್ನು ಸುತ್ತುವರಿಯಿತು. ತೆರೆದಿದ್ದದ್ದು ಕಡಲ ಕಡೆ ಒಂದೇ. ಹೆಂಗಸರು ದೊಡ್ಡ ಬಿಳಿ ಬಟ್ಟೆಯ ಎರಡು ಬಾವುಟ ಹೊಲಿದರು. ಒಂದರ ನಡುವೆ ಕೆಂಪು ಶಿಲುಬೆ. ಇನ್ನೊಂದರ ಮೇಲೆ ಇಂಗ್ಲಿಷಿನಲ್ಲಿ, ಕ್ರೈಸ್ತರು ಆಪತ್ತಿನಲ್ಲಿದ್ದೇವೆ, ಕಾಪಾಡಿ ಎಂಬ ದಪ್ಪಕ್ಷರ. ಯಾವ ದೇಶದ ಹಡಗು ಬಂದೀತೋ ಯಾರಿಗೆ ಗೊತ್ತು, ಅಂತೂ ಮನವಿಯ ಮೂರು ಪ್ರತಿ ಬರೆದು ಮೂವರು ಈಜುಗಾರರನ್ನು ದಡದಲ್ಲಿ ಕಾವಲಿಗೆ ಇಟ್ಟರು.

ಸೆಪ್ಟೆಂಬರಿನಲ್ಲಿ ಫ್ರೆಂಚರ ಯುದ್ಧನೌಕೆ ಗಿಷೆನ್ ಆ ಬಾವುಟ ಕಂಡು ನಿಂತಿತು. ನಾಲ್ಕು ಸಾವಿರಕ್ಕೂ ಮಿಕ್ಕಿ ಜನ ಫ್ರೆಂಚ್ ಹಡಗುಗಳನ್ನು ಏರಿ ಈಜಿಪ್ಟಿನ ಪೋರ್ಟ್ ಸಯೀದ್ ಸೇರಿದರು. ಬೇರೆಡೆಯ ಅರ್ಮೇನಿಯನ್ನರಿಗೆ ಕಡಲೂ ಇರಲಿಲ್ಲ, ಹಡಗೂ ಬರಲಿಲ್ಲ; ಲಕ್ಷಾಂತರ ಮಂದಿ ಕೊಲೆಯಾದರು, ಸಿರಿಯಾದ ಮರುಭೂಮಿಯ ಹಾದಿಯಲ್ಲಿ ಹಸಿದು ಸತ್ತರು.

ಪಾದ್ರಿ ಆಂಡ್ರಿಯಾಸಿಯನ್ ಲೆಕ್ಕದಲ್ಲಿ ಬೆಟ್ಟದ ವಾಸ 53 ದಿನ. 1933ರಲ್ಲಿ ಬಂದ ಫ್ರಾನ್ಸ್ ವೆರ್ಫೆಲ್‌ನ ಕಾದಂಬರಿ ಅದನ್ನು 40ಕ್ಕೆ ಇಳಿಸಿ ಲೋಕಕ್ಕೆಲ್ಲ ಹೇಳಿತು. ದೊಡ್ಡ ಕಾದಂಬರಿಯೇ ಸರಿ. ಆದರೂ ಆ ರೊಟ್ಟಿಯ ಚಿಂತೆಗಾಗಿ ನಾನು ಪಾದ್ರಿಯ ಬರಹಕ್ಕೇ ಮರಳುತ್ತೇನೆ.

ಮೊದಲ ಮಹಾಯುದ್ಧ ಮುಗಿದ ಮೇಲೆ ಜನ ಊರಿಗೆ ಬಂದರು. 1939ರಲ್ಲಿ ಆ ಸೀಮೆ ಟರ್ಕಿಗೆ ಸೇರಿದಾಗ ಬಹುಪಾಲು ಮಂದಿ ಮತ್ತೆ ಗಂಟುಮೂಟೆ ಕಟ್ಟಿ ಲೆಬನಾನಿನ ಅಂಜಾರ್‌ಗೆ ಹೋದರು. ಆ ಆರು ಹಳ್ಳಿಗಳಲ್ಲಿ ಒಂದಾದ ವಕಿಫ್ಲಿಯ ಕೆಲವರು ಕದಲಲಿಲ್ಲ. ಟರ್ಕಿಯಲ್ಲಿ ಈಗ ಉಳಿದಿರುವ ಅರ್ಮೇನಿಯನ್ ಹಳ್ಳಿ ಅದೊಂದೇ.