ಒದ್ದೆ ಪುಡಿಯ ತೂಕ

ಶುಕ್ರವಾರ ಸಂಜೆ ಪೋಸ್ಟರ್ ಪ್ರಿಂಟ್ ಆಗಿ ಬಂತು. ನಡುವೆ ದಪ್ಪ ಅಕ್ಷರದಲ್ಲಿ, ಇಳುವರಿ 92%. ಕೆಮಿಕಲ್ ವಿಭಾಗದ ನಾವು ನಾಲ್ಕು ಜನ ಆರನೇ ಸೆಮಿಸ್ಟರ್‌ನಲ್ಲಿ ಮಾಡಿದ ಮಿನಿ ಪ್ರಾಜೆಕ್ಟು. ಸೋಮವಾರ ಬೆಂಗಳೂರಲ್ಲಿ ಮಲ್ಟಿಕಾಂಪೊನೆಂಟ್ ರಿಯಾಕ್ಷನ್‌ಗಳ ಬಗ್ಗೆಯೇ ಒಂದು ಅಂತರರಾಷ್ಟ್ರೀಯ ಸಮ್ಮೇಳನ. ಅಲ್ಲಿ ನಮಗೂ ಒಂದು ಬೋರ್ಡು ಸಿಕ್ಕಿತ್ತು.

ಏನ್ರೋ ಅದು ಅಂತ ಸಿಎಸ್ ಗೆಳೆಯರು ಕೇಳಿದಾಗಲೆಲ್ಲ ನಾವು ಬಿಸಿಬೇಳೆಬಾತ್ ಅಂದುಬಿಡ್ತಿದ್ವಿ. ಮೂರೋ ನಾಲ್ಕೋ ಪದಾರ್ಥ ಒಂದೇ ಪಾತ್ರೆಗೆ ಸುರಿ, ಕಾಯಿಸು, ಮುಗೀತು. ಹೋಲಿಕೆ ಪೂರ್ತಿ ಸರಿಯಲ್ಲ ಬಿಡಿ. ಬಾತ್‌ನಲ್ಲಿ ಬಟಾಣಿ ಬಟಾಣಿಯಾಗೇ ಸಿಗತ್ತೆ. ಇಲ್ಲಿ ಹಾಕಿದ್ದೆಲ್ಲ ಸೇರಿ ಹೊಸ ಅಣುವೇ ಆಗತ್ತೆ.

ನಾವು ಮಾಡಿದ್ದು 1891ರಲ್ಲಿ ಇಟಲಿಯ ಪಿಯೆತ್ರೋ ಬಿಜಿನೆಲ್ಲಿ ಕಂಡುಹಿಡಿದ ಕ್ರಿಯೆ. ಬೆಂಜಾಲ್ಡಿಹೈಡ್, ಈಥೈಲ್ ಅಸಿಟೋಅಸಿಟೇಟ್, ಯೂರಿಯಾ. ಹೌದು, ಹೊಲಕ್ಕೆ ಹಾಕೋ ಅದೇ ಯೂರಿಯಾ! ಎಥನಾಲ್, ನಾಲ್ಕು ಹನಿ ಆಸಿಡ್, ಮೂರು ಗಂಟೆ ಕಾವು. ಮೂರರ ಅಣುತೂಕ ಕೂಡಿದರೆ 296. ಅದರಲ್ಲಿ ಎರಡು ನೀರಿನ ಅಣು, ಅಂದರೆ 36, ಮಾತ್ರ ಹೊರಹೋಗತ್ತೆ. ಮಿಕ್ಕ 260 ಎಲ್ಲ ಸರಕಿನೊಳಗೇ. ಇದೇ ಕುಟುಂಬದ ಮೊನಾಸ್ಟ್ರಾಲ್ ಅನ್ನೋ ಅಣು ಕೋಶವಿಭಜನೆಯನ್ನ ತಡೆಯತ್ತೆ ಅಂತ 1999ರಲ್ಲಿ ಗೊತ್ತಾದ ಮೇಲೆ ಹಳೇ ಕ್ರಿಯೆಗೆ ಮತ್ತಷ್ಟು ಬೆಲೆ ಬಂತು. 1959ರ ಊಗಿ ಕ್ರಿಯೆಯಲ್ಲಂತೂ ನಾಲ್ಕು ಪದಾರ್ಥ. ಒಂದೊಂದಕ್ಕೂ 40 ಬಗೆ ಇಟ್ಟುಕೊಂಡರೆ 25,60,000 ಬೇರೆ ಬೇರೆ ಅಣು ಸಾಧ್ಯ. ಅದರಲ್ಲಿ ಬಳಸೋ ಐಸೊಸಯನೈಡ್‌ಗಳ ನಾತಕ್ಕೆ ಹೆದರಿ ನಾವು ಆ ಕಡೆ ಹೋಗಲಿಲ್ಲ.

ಸರಿ, ಶನಿವಾರ. ಫೋಟೋಗೆ ಇರಲಿ ಅಂತ ಹಾಸನದವನು ಕರಗುಬಿಂದು ನೋಡೋಕೆ ಕೂತ. 202 ಡಿಗ್ರಿಗೆ ಕರಗಬೇಕಾದ್ದು 190ಕ್ಕೇ ಮೆತ್ತಗಾಗತೊಡಗಿತು. ಪುಡಿ ಒಣಗೇ ಇರಲಿಲ್ಲ. ಓವನ್‌ಗಿಟ್ಟು ಮತ್ತೆ ತೂಗಿದ್ವಿ. 2.39 ಗ್ರಾಂ ಇದ್ದದ್ದು 1.85 ಗ್ರಾಂ. ಬರಬೇಕಾದ್ದು 2.60. ಅಂದ್ರೆ 71%. ನಾವು ಇಷ್ಟು ದಿನ ಎಥನಾಲ್ ತೂಗಿ ಖುಷಿಪಟ್ಟಿದ್ವಿ.

ಹಾಸ್ಟೆಲ್ ರೂಮಲ್ಲಿ ರಾತ್ರಿ ಹನ್ನೊಂದರವರೆಗೂ ಜಗಳ. "ಯಾರು ಮಗಾ ತೂಗಿ ನೋಡ್ತಾರೆ?" ಅಂದ ಒಬ್ಬ. ಸಾರಾಂಶದ ಪುಸ್ತಕದಲ್ಲಿ 92 ಆಗಲೇ ಅಚ್ಚಾಗಿದೆ, ಈಗ ಬೇರೆ ಹೇಳಿದರೆ ಮರ್ಯಾದೆ ಏನಾಗತ್ತೆ ಅಂತ ಇನ್ನೊಬ್ಬ. ಅವನ ಮಾತು ನಮಗೆಲ್ಲ ಒಳಗೊಳಗೇ ಹಿಡಿಸಿತ್ತು, ಸುಳ್ಳು ಯಾಕೆ. ಸರ್‌ಗೆ ಫೋನ್ ಮಾಡಿದ್ವಿ. ಬೈಯ್ತಾರೆ ಅಂದುಕೊಂಡರೆ, "ಪೋಸ್ಟರ್ ಮುಂದೆ ನಿಲ್ಲೋರು ನೀವು, ನಾನಲ್ಲ" ಅಂದು ಇಟ್ಟೇಬಿಟ್ಟರು.

ಬಿಳಿ ಚೀಟಿ ಅಂಟಿಸಿ ಸ್ಕೆಚ್ ಪೆನ್ನಲ್ಲಿ 71 ಅಂತ ಬರೆದ್ವಿ. ಅಂಕೆ ಸ್ವಲ್ಪ ಸೊಟ್ಟಗಾಯ್ತು.

ಸೋಮವಾರ ಮಧ್ಯಾಹ್ನ ಬಿಳಿಗೂದಲ ಮೇಡಂ ಒಬ್ಬರು ನಿಂತು ಚೀಟಿ ನೋಡಿದರು, ಪುಸ್ತಕ ತೆಗೆದು ಅದನ್ನೂ ನೋಡಿದರು. ನಾಲ್ಕೂ ಜನ ಒಟ್ಟಿಗೇ ಒದರಿದ್ವಿ: ಒದ್ದೆ ಇತ್ತು ಮೇಡಂ. ಅವರು ನಗಲಿಲ್ಲ. "ಸೋಸಿದ ಮೇಲೆ ಕೆಳಗೆ ಉಳಿದ ದ್ರಾವಣ ಏನು ಮಾಡಿದ್ರಿ?" ಅಂದರು. ವೇಸ್ಟ್ ಕ್ಯಾನಿಗೆ ಸುರಿದಿದ್ವಿ. "ನಿಮ್ಮ ಸರಕು ಸ್ವಲ್ಪ ಅದರಲ್ಲೇ ಇರತ್ತಲ್ಲಪ್ಪ" ಅಂತ ಹೇಳಿ, ಅರ್ಧಕ್ಕೆ ಇಳಿಸಿ ಐಸ್‌ನಲ್ಲಿ ಇಡೋದನ್ನ ಪುಸ್ತಕದ ಅಂಚಲ್ಲೇ ಬರೆದುಕೊಟ್ಟರು.

ಬಂದವರೇ ಮತ್ತೆ ಮಾಡಿದ್ವಿ. ಮೊದಲ ಸಲಕ್ಕೆ ಅದೇ 1.85. ಸೋಸಿದ ದ್ರಾವಣದಿಂದ ಇನ್ನೊಂದು 0.20 ಗ್ರಾಂ. ಒಟ್ಟು 79%. ಈ ಸಲ ಎರಡು ದಿನ ಒಣಗಿಸಿಯೇ ತೂಗಿದ್ದು.