ಗಡಿಯಾಚೆ ಯಾರಿದ್ದರು?

ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಸತ್ತಾಗ, 2020ರಲ್ಲಿ, ನಾನೂ ಸಿಟ್ಟಿನಿಂದ ಚೀನಾ ಆ್ಯಪ್‌ಗಳನ್ನೆಲ್ಲ ಡಿಲೀಟ್ ಮಾಡಿ ಸ್ಟೇಟಸ್ ಹಾಕಿದ್ದೆ.

ಮುಂದಿನ ವರ್ಷ ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋಗಿದ್ವಿ. ಮೊಮೊ ತಿನ್ನುತ್ತಾ ಗೆಳೆಯ, ‘ಚೀನಾದವರ ಅಂಗಡೀಲಿ ತಿಂತಿದೀವಲ್ಲೋ’ ಅಂದ. ನಾನೂ ನಕ್ಕೆ.

ಅಂಗಡಿಯಾಕೆಗೆ ಕನ್ನಡ ಬರುತ್ತಿತ್ತು. ‘ನಾವು ಚೀನಾದವರಲ್ರೀ. ನಾನು ಹುಟ್ಟಿದ್ದು ಇಲ್ಲೇ. ನಮ್ಮಜ್ಜನ ಕಾಲದಾಗ ಆ ಗಡಿ ಆಚೆ ಇದ್ದದ್ದು ಟಿಬೆಟ್’ ಎಂದು ಚಟ್ನಿ ಬಡಿಸಿ ಹೋದರು.

ರೂಮಿಗೆ ಬಂದು ಓದಿದೆ. 1914ರಲ್ಲಿ ಮ್ಯಾಕ್‌ಮಹೊನ್ ರೇಖೆಗೆ ಬ್ರಿಟಿಷರ ಜೊತೆ ಒಪ್ಪಿಗೆ ಕೊಟ್ಟಿದ್ದು ಟಿಬೆಟ್. ಈ ಕಾಲೊನಿ ಶುರುವಾಗಿದ್ದು 1966ರಲ್ಲಿ. ನಾನು ಸ್ಟೇಟಸ್ ಹಾಕಿದ ವರ್ಷವೇ, ಆಗಸ್ಟ್ ಕೊನೆಯಲ್ಲಿ, ಲಡಾಖ್‌ನಲ್ಲಿ ಭಾರತದ ಪರ ನಿಂತು ಸತ್ತ ಯೋಧ ನೀಮಾ ತೆನ್‌ಜಿನ್ ಟಿಬೆಟಿನವರು.

ಗಡಿ ಬಗ್ಗೆ ಅಷ್ಟೆಲ್ಲ ಮಾತಾಡಿದ್ದೆ. ಇವರನ್ನೊಮ್ಮೆ ಕೇಳಬೇಕು ಅಂತ ಅನಿಸಿಯೇ ಇರಲಿಲ್ಲ.