ಅತ್ತೆಯವರ ಹಾಸಿಗೆ

ಸೀರೆ ಕೊಳ್ಳಲು ಹೋದರೆ ನಾವು ಸೆರಗು ಬಿಚ್ಚಿಸಿ, ಬೆಳಕಿಗೆ ಹಿಡಿದು, ಹತ್ತು ಸಲ ಮುಟ್ಟಿ ನೋಡುತ್ತೇವೆ. ಹಾಸಿಗೆ ಕೊಳ್ಳುವಾಗ? ಅಂಗಡಿಯವನು ಅಂಗೈಯಿಂದ ಒಮ್ಮೆ ಒತ್ತಿ ತೋರಿಸುತ್ತಾನೆ, ನಾವೂ ಒಮ್ಮೆ ಒತ್ತಿ ನೋಡಿ ದುಡ್ಡು ಕೊಟ್ಟು ಬಂದುಬಿಡುತ್ತೇವೆ. ನಾನೂ ಹಾಗೇ ಮಾಡಿದವಳು.

ನಮ್ಮ ಮನೆ ಇರುವುದು ಬನಶಂಕರಿ ಎರಡನೇ ಹಂತದಲ್ಲಿ. ಅತ್ತೆಯವರಿಗೆ 76 ವರ್ಷ, ಸೊಂಟನೋವು. ಅವರ ಹತ್ತಿ ಹಾಸಿಗೆ ಗಂಟುಗಂಟಾಗಿತ್ತು. ಹಿಂದೆಲ್ಲ ಪಿಂಜಾರರು ಬಿಲ್ಲು ಹಿಡಿದು ಬೀದಿಗೇ ಬಂದು, ಅಂಗಳದಲ್ಲೇ ಹತ್ತಿ ಹಿಂಜಿ ತುಂಬಿಕೊಡುತ್ತಿದ್ದರು. ಈಗ ನಮ್ಮ ಬೀದಿಯಲ್ಲಿ ಆ ಸದ್ದೇ ಇಲ್ಲ. ಸೊಂಟನೋವಿಗೆ ಗಟ್ಟಿ ಹಾಸಿಗೆಯೇ ಒಳ್ಳೆಯದು ಅಂತ ನಮ್ಮ ಮನೆಯವರು, ನೆಂಟರು, ಪಕ್ಕದ ಮನೆಯವರು ಎಲ್ಲರೂ ಅಂದರು. ಜಯನಗರ ನಾಲ್ಕನೇ ಬ್ಲಾಕಿನ ಒಂದು ಅಂಗಡಿಯಿಂದ 4 ಅಂಗುಲದ ಗಟ್ಟಿ ಫೋಮ್ ಹಾಸಿಗೆ ತಂದೆವು. ಹೊದಿಕೆಯ ಮೇಲೆ ‘ಆರ್ಥೋ’ ಅಂತ ದೊಡ್ಡ ಅಕ್ಷರ. ಡೆನ್ಸಿಟಿ 40 ಅಂತ ಅಂಗಡಿಯವನು ಹೇಳಿದ. 40 ಅಂದರೆ ಗಟ್ಟಿ ಎಂದೇ ನಾನು ತಿಳಿದುಕೊಂಡೆ.

ಆಮೇಲೆ ಅತ್ತೆಯವರು ಬೆಳಗಿನ ಜಾವ ನಾಲ್ಕಕ್ಕೇ ಏಳತೊಡಗಿದರು. ವಯಸ್ಸಾದವರಿಗೆ ನಿದ್ದೆ ಕಡಿಮೆ ಅಂದುಕೊಂಡೆ. ಆರು ತಿಂಗಳ ಮೇಲೆ ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ನೋಡುತ್ತೇನೆ, ಎರಡು ಗಂಟೆಯ ಹೊತ್ತಿನಲ್ಲಿ ನಡುಮನೆಯ ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದಾರೆ. ಕೇಳಿದರೆ, “ಮಗ್ಗುಲಾದರೆ ಭುಜ, ಪಕ್ಕೆ ಎಲ್ಲಾ ಒತ್ತುತ್ತಮ್ಮ. ಅಷ್ಟು ದುಡ್ಡು ಹಾಕಿ ತಂದಿದ್ದೀರಿ, ಹೇಗೆ ಹೇಳಲಿ?” ಅಂದರು. ನನಗೆ ಹೊಟ್ಟೆಯಲ್ಲಿ ಕಿವಿಚಿದ ಹಾಗಾಯಿತು. ಮೂವತ್ತು ವರ್ಷದಿಂದ ಅವರು ಬಲ ಮಗ್ಗುಲಲ್ಲೇ ಮಲಗುವವರು. ದಿನಾ ನೋಡುವ ನನಗೆ ಅದು ಅಂಗಡಿಯಲ್ಲಿ ನೆನಪಾಗಲಿಲ್ಲ!

ಆಮೇಲೆ ವಿಚಾರಿಸಿ ತಿಳಿದದ್ದನ್ನು ಹೇಳುತ್ತೇನೆ. ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. ಒಂದು ಘನ ಮೀಟರ್ ಫೋಮು ಎಷ್ಟು ಕಿಲೋ ತೂಗುತ್ತದೋ ಅದೇ ಡೆನ್ಸಿಟಿ. ಅದು ಹೆಚ್ಚಿದ್ದರೆ ಸಾಮಾನ್ಯವಾಗಿ ಹಾಸಿಗೆ ಬೇಗ ಗುಂಡಿ ಬೀಳುವುದಿಲ್ಲ, ಬಾಳಿಕೆ ಬರುತ್ತದೆ. ಮೈಗೆ ಮೆತ್ತಗೋ ಗಟ್ಟಿಯೋ ಎನ್ನುವುದು ಫೋಮು ತಯಾರಿಸಿದ ಬಗೆಯ ಮೇಲೆ ಹೋಗುತ್ತದೆ. ಮೈಸೂರುಪಾಕು ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಲೆಹಿಟ್ಟು, ಸಕ್ಕರೆ, ತುಪ್ಪ ಅಷ್ಟಷ್ಟೇ ಹಾಕಿದರೂ ಪಾಕ ಒಂದಿಷ್ಟು ಮುಂದೆ ಹೋದರೆ ಕಲ್ಲು! 40ರ ಫೋಮಿನಲ್ಲೂ ಮೆತ್ತನೆಯದು ಇದೆ, 28ರಲ್ಲೂ ಗಟ್ಟಿಯದು ಇದೆ. ‘ಆರ್ಥೋ’ ಎಂಬ ಮಾತಿಗಂತೂ ಇಂತಿಷ್ಟೇ ಗಟ್ಟಿ ಎಂಬ ಅಳತೆ ಇಲ್ಲ.

ಗಟ್ಟಿಯದೇ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಸ್ಪೇನ್ ದೇಶದಲ್ಲಿ ಬಹುಕಾಲದ ಸೊಂಟನೋವಿದ್ದ 313 ಜನರಿಗೆ ಎರಡು ಬಗೆಯ ಹಾಸಿಗೆ ಕೊಟ್ಟು 90 ದಿನ ನೋಡಿದರಂತೆ. ತೀರಾ ಗಟ್ಟಿಯದಕ್ಕಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೇ ಹೆಚ್ಚು ಗುಣ ಕಂಡಿತು. 2003ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಬಂದಿದೆ.

ಹಾಸಿಗೆಯ ನಡುವೆ ಆಗಲೇ ತಗ್ಗು ಬೀಳತೊಡಗಿದ್ದರಿಂದ ನನಗೆ ಅನುಮಾನ ಬಂತು. ಹಳೇ ಪೇಪರಿನವನು ಬಂದಾಗ ಅವನ ತೂಗುವ ಕೊಕ್ಕೆ ಇಸಿದುಕೊಂಡೆ. ಜಿಪ್ ತೆಗೆದು, ಹೊದಿಕೆ ಬಿಚ್ಚಿ, ಬರೀ ಫೋಮು ಸುತ್ತಿ ತೂಗಿದೆವು. 6 ಅಡಿ ಉದ್ದ, 3 ಅಡಿ ಅಗಲ, 4 ಅಂಗುಲ ದಪ್ಪ ಅಂದರೆ ಹತ್ತಿರ ಹತ್ತಿರ 0.17 ಘನ ಮೀಟರ್. 40 ಡೆನ್ಸಿಟಿ ಆಗಿದ್ದರೆ 6.8 ಕಿಲೋ ಇರಬೇಕು. ಬಂದದ್ದು ಐದೂವರೆ! ಅಂದರೆ 32ರ ಮಾಲು. ಪೇಪರಿನವನು ನಕ್ಕ, “ನಮ್ಮ ತಕ್ಕಡೀನ ಅಂತೀರಲ್ಲಮ್ಮ” ಅಂದ. ಈ ಲೆಕ್ಕ ಒಂದೇ ಫೋಮಿನ ಹಾಸಿಗೆಗೆ ಮಾತ್ರ. ತೆಂಗಿನ ನಾರಿನದಕ್ಕೂ, ಚೂರು ಫೋಮು ಅಂಟಿಸಿ ಮಾಡಿದ ರೀಬಾಂಡೆಡ್‌ಗೂ ಹೊಂದದು. ಚೂರಿನದು ಭಾರವೇ ಇರುತ್ತದೆ, ಅಷ್ಟಕ್ಕೇ ಮರುಳಾಗಬೇಡಿ.

ಅಂಗಡಿಯವನು ರಸೀದಿಯಲ್ಲಿ ಡೆನ್ಸಿಟಿ ಬರೆದಿರಲಿಲ್ಲ, ನಾನೂ ಬರೆಸಿರಲಿಲ್ಲ. ಜಗಳವಾಡಿ ಬರಿಗೈಲಿ ಬಂದೆ.

ಎರಡನೇ ಸಲ ಬೇರೆ ಅಂಗಡಿಗೆ ಅತ್ತೆಯವರನ್ನೇ ಕರೆದುಕೊಂಡು ಹೋದೆ. ಜನ ಇರದ ಮಂಗಳವಾರದ ಮಧ್ಯಾಹ್ನ. “ಅಯ್ಯೋ, ಅಂಗಡೀಲಿ ಮಲಗೋದೇನೇ!” ಅಂತ ಅವರಿಗೆ ನಾಚಿಕೆ. ನಾನು ಬಾಗಿಲ ಕಡೆ ಅಡ್ಡ ನಿಂತೆ. ಅಂಗಾತ ಮಲಗಿಸಿ ಸೊಂಟದ ಕೆಳಗೆ ಕೈ ತೂರಿಸಿದೆ. ಕೈ ಸಲೀಸಾಗಿ ಓಡಾಡಿದರೆ ಹಾಸಿಗೆ ತೀರಾ ಗಟ್ಟಿ. ಮಗ್ಗುಲಾದಾಗ ಭುಜ ಸ್ವಲ್ಪ ಇಳಿದು, ಬೆನ್ನು ನೆಟ್ಟಗೆ ನಿಲ್ಲಬೇಕು. ನಾಲ್ಕನೆಯದರಲ್ಲಿ ಅತ್ತೆಯವರು ಮಾತಾಡುವುದನ್ನೇ ನಿಲ್ಲಿಸಿದರು. ಹತ್ತು ನಿಮಿಷವಾದರೂ ಏಳಲಿಲ್ಲ. ಅದನ್ನೇ ಕೊಂಡೆವು; ಮಧ್ಯಮ ಗಟ್ಟಿಯದು, 40 ಅಂತ ರಸೀದಿಯಲ್ಲಿ ಬರೆಸಿದೆ, ಮನೆಗೆ ತಂದು ತೂಗಿಯೂ ನೋಡಿದೆ.

ಈಗ ಆರಕ್ಕೆ ಏಳುತ್ತಾರೆ. ಅವರ ಬೂರುಗದ ಹತ್ತಿಯ ದಿಂಬನ್ನು ಮಾತ್ರ ಬದಲಾಯಿಸಲು ಬಿಟ್ಟಿಲ್ಲ.